ಹಳೆಯ ರಂಗಗೀತೆಗಳ ಮರುಬಿಡುಗಡೆ: ದನಿ ಕೆಟ್ಟಿದ್ದರೆ ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಮಾಟುಂಗದ ಫ್ಲ್ಯಾಟಿನಲ್ಲಿ, ಪುಣೆಯ ಸದಾಶಿವ ಪೇಟೆಯಲ್ಲಿ, ವಾಸ್ಕೋದ ಬಾಡಿಗೆ ಮನೆಯಲ್ಲಿ ಹಳೆಯ ರಂಗಗೀತೆಗಳ ಸಿಡಿ ಹಚ್ಚಿದ ಕೂಡಲೇ ಬರುವ ಮಾತು ಒಂದೇ: "ರೆಕಾರ್ಡೇ ಹಳೇದು, ದನಿ ಹೀಗೇ ಇರೋದು." ಬಹಳ ಸಲ ಈ ಮಾತು ನಿಜವಲ್ಲ. 1930ರ ದಶಕದ ಒಳ್ಳೆಯ ಗ್ರಾಮೊಫೋನ್ ತಟ್ಟೆಯಲ್ಲಿ ಹಾಡುವವರು ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ, ಡಗ್ಗದ ಗುಮಕಿಯೂ ಕೇಳಿಸುತ್ತದೆ. ಮರುಬಿಡುಗಡೆಯಲ್ಲಿ ಅದು ಇಲ್ಲವಾಗಿದ್ದರೆ ನಡುದಾರಿಯಲ್ಲಿ ಎಲ್ಲೋ ಕಳೆದುಹೋಗಿದೆ ಎಂದರ್ಥ. ಎಲ್ಲಿ ಕಳೆಯಿತು ಎಂದು ಗೊತ್ತಾದರೆ ಅದನ್ನು ಮರಳಿ ಪಡೆಯಬಹುದೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ.

ಕಂಪನಿ ನಾಟಕದ ಕನ್ನಡ ಪದಗಳಿಗೂ ಮರಾಠಿ ನಾಟ್ಯಸಂಗೀತಕ್ಕೂ ಇಲ್ಲಿ ಹೇಳುವುದು ಒಂದೇ. ಎರಡೂ ಒಂದೇ ಕಪಾಟಿನಲ್ಲಿರುವ ಮನೆಗಳು ಈ ಊರುಗಳಲ್ಲಿ ಬೇಕಾದಷ್ಟಿವೆ, ಅದು ಸಹಜವೂ ಹೌದು. 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲ ಎಂಬ ಮರಾಠಿ ನಾಟಕವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಗಾಯಕಿಯರಾದ ಗೋಹರಬಾಯಿ ಮತ್ತು ಅಮೀರ್‌ಬಾಯಿ ಕರ್ನಾಟಕಿ ಬೀಳಗಿಯ ಅಕ್ಕತಂಗಿಯರು.

ಪತ್ತೆಗೆ ಕೈಹಾಕುವ ಮುನ್ನ

ನಿಮ್ಮ ಕಿವಿಗೆ ಬರುವ ದನಿ ಐದು ಮೆಟ್ಟಿಲು ಇಳಿದು ಬಂದಿರುತ್ತದೆ. ಮೊದಲನೆಯದು ಮುದ್ರಣದ ಕೋಣೆ: 1925ಕ್ಕೆ ಮುಂಚೆ ತಗಡಿನ ಕಹಳೆ, ಆಮೇಲೆ ಮೈಕ್ರೊಫೋನ್. ಎರಡನೆಯದು ಅರಗಿನ ತಟ್ಟೆ ಮತ್ತು ಯಾರದೋ ಮನೆಯಲ್ಲಿ ಅದು ಸವೆದ ವರ್ಷಗಳು. ಮೂರನೆಯದು ಆ ತಟ್ಟೆಯಿಂದ ಟೇಪಿಗೋ ಕಂಪ್ಯೂಟರಿಗೋ ದನಿ ಇಳಿಸಿದ ಕೆಲಸ. ನಾಲ್ಕನೆಯದು "ಸ್ವಚ್ಛ" ಮಾಡುವ ಹೆಸರಿನಲ್ಲಿ ಮರುಬಿಡುಗಡೆಯವರು ಮಾಡಿದ ಸಂಸ್ಕರಣೆ. ಐದನೆಯದು ನಿಮ್ಮ ಮನೆಯ ಪ್ಲೇಯರು, ತಂತಿ, ಸ್ಪೀಕರು. ಹುಡುಕುವುದು ಮಾತ್ರ ಕೆಳಗಿನಿಂದ ಮೇಲಕ್ಕೆ, ಏಕೆಂದರೆ ಐದನೆಯ ಮೆಟ್ಟಿಲಿನ ದೋಷಕ್ಕೆ ಖರ್ಚು ಇಲ್ಲವೇ ಇಲ್ಲ ಎನ್ನಬಹುದು.

ಮೊದಲು ಮಾಡಬೇಕಾದ್ದು ಇಷ್ಟು. ಅದೇ ಹಾಡನ್ನು ಬೇರೊಂದು ಪ್ಲೇಯರಿನಲ್ಲಿ, ತಂತಿ ಇರುವ ಹೆಡ್‌ಫೋನಿನಲ್ಲಿ ಕೇಳಿ. ಆಮೇಲೆ ಅದೇ ಪ್ಲೇಯರಿನಲ್ಲಿ ಇತ್ತೀಚಿನ ಯಾವುದಾದರೂ ಚೊಕ್ಕ ರೆಕಾರ್ಡಿಂಗ್ ಕೇಳಿ. ದೋಷ ಹಾಡಿನ ಜೊತೆ ಹೋಯಿತೋ ಯಂತ್ರದ ಜೊತೆ ಉಳಿಯಿತೋ ಎಂಬುದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಬ್ಲೂಟೂತ್ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬೇಡಿ. ಅದು ದನಿಯನ್ನು ಇನ್ನೊಮ್ಮೆ ಕುಗ್ಗಿಸಿ ಕಳಿಸುತ್ತದೆ. ಹೆಡ್‌ಫೋನಿನ ವಾಲ್ಯೂಮ್ ಕಡಿಮೆ ಇರಲಿ. ಹಳೆಯ ತಟ್ಟೆಯ ಒಂದು ದೊಡ್ಡ ಚಟಾಕಿ ಸದ್ದು ಕಿವಿಗೆ ಪೆಟ್ಟು ಕೊಡಬಲ್ಲದು.

ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದು ಬಿಡದೆ ಬರುತ್ತಿದೆ

ಹಾಡನ್ನು ನಿಲ್ಲಿಸಿ. ಗುಂಯ್ ಸದ್ದು ಉಳಿದರೆ ದೋಷ ನಿಮ್ಮ ಮನೆಯದು, ಹಾಡಿನ ಜೊತೆ ನಿಂತುಹೋದರೆ ರೆಕಾರ್ಡಿಂಗಿನೊಳಗೇ ಇದೆ.

ಮನೆಯದಾದರೆ ಮೊದಲು ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಆರಿಸಿ ನೋಡಿ. ಫ್ಯಾನನ್ನು ಎರಡು ಮೂರರಲ್ಲಿ ಇಟ್ಟಾಗ ಅದು ಕೊರೆಯುವಂಥ ಝುಂಯ್ ಸದ್ದು ತರುತ್ತದೆ, ಐದಕ್ಕೆ ಹಾಕಿದರೆ ಹೋಗುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಆಂಪ್ಲಿಫೈಯರಿಗೆ ಟಿವಿಯ ಸೆಟ್‌ಟಾಪ್ ಬಾಕ್ಸೂ ಜೋಡಿಸಿದ್ದರೆ ಕೇಬಲ್ ಬಿಚ್ಚಿ ನೋಡಿ. ಎರಡು ಕಡೆ ಅರ್ಥಿಂಗ್ ಸೇರಿ ಸುತ್ತು ಬಿದ್ದಾಗ ಇದೇ ಸದ್ದು ಬರುತ್ತದೆ. ಟರ್ನ್‌ಟೇಬಲಿನಲ್ಲಿ ಕೇಳುತ್ತಿದ್ದರೆ ಅದರ ಸಣ್ಣ ಅರ್ಥ್ ತಂತಿ ಆಂಪ್ಲಿಫೈಯರಿನ ಹಿಂದಿನ ತಿರುಪಿಗೆ ಬಿಗಿಯಾಗಿ ಕೂತಿದೆಯೇ ನೋಡಿ.

ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಮುರಿಯುವ, ಎರಡು ಪಿನ್ನಿನ ಸಾಕೆಟಿಗೆ ತುರುಕುವ ಕೆಲಸ ಬೇಡವೇ ಬೇಡ. ಹಳೆಯ ಚಾಳುಗಳಲ್ಲಿ, ವಾಡೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದ ಸಾಕೆಟು ಬಹಳ. ಅಲ್ಲಿ ಲೋಹದ ಆಂಪ್ಲಿಫೈಯರ್ ಮುಟ್ಟಿದರೆ ಜುಮ್ಮೆಂದರೆ ಕೂಡಲೇ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಅಜ್ಜನ ಕಾಲದ ವಾಲ್ವ್ ರೇಡಿಯೋಗ್ರಾಮ್ ಇದ್ದರೆ ಹಿಂಬದಿಯ ಹಲಗೆ ತೆಗೆಯಬೇಡಿ. ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 250 ವೋಲ್ಟಿಗೆ ಮೀರಿದ ವಿದ್ಯುತ್ ನಿಂತಿರಬಹುದು.

ರೆಕಾರ್ಡಿಂಗಿನೊಳಗೇ ಇದ್ದರೆ ಅದು ದನಿ ಇಳಿಸಿದವರ ತಪ್ಪು, ಮೂರನೆಯ ಮೆಟ್ಟಿಲು. ನಮ್ಮಲ್ಲಿ ವಿದ್ಯುತ್ 50 ಹರ್ಟ್ಜ್, ಹಾಗಾಗಿ ಇಲ್ಲಿ ಇಳಿಸಿದ್ದರೆ ಗುಂಯ್ 50 ಮತ್ತು 100ರಲ್ಲಿ ಇರುತ್ತದೆ. ಆಡಾಸಿಟಿಯಂಥ ಉಚಿತ ತಂತ್ರಾಂಶದ ಸ್ಪೆಕ್ಟ್ರಮ್ ನೋಟದಲ್ಲಿ 60 ಮತ್ತು 120ರ ಗೆರೆ ಕಂಡರೆ ಅಮೆರಿಕದಂಥ ದೇಶದಲ್ಲಿ ಯಾರೋ ಇಳಿಸಿದ್ದನ್ನೇ ಇಲ್ಲಿ ಮತ್ತೆ ಅಚ್ಚುಹಾಕಿದ್ದಾರೆ ಎಂದು ತಿಳಿಯಬಹುದು. ಆ ಗೆರೆಗಳನ್ನಷ್ಟೇ ಸಣ್ಣಗೆ ಕತ್ತರಿಸುವ ನಾಚ್ ಫಿಲ್ಟರ್ ಹಾಕಿದರೆ ಹಾಡಿಗೆ ಹೆಚ್ಚು ಹಾನಿಯಿಲ್ಲ. 200 ಹರ್ಟ್ಜಿನ ಕೆಳಗೆ ಎಲ್ಲವನ್ನೂ ಕಡಿದರೆ ಡಗ್ಗ ಸತ್ತುಹೋಗುತ್ತದೆ.

ಲೆಕ್ಕ ಹಿಡಿದ ಹಾಗೆ ಚಟ್, ಚಟ್ ಎನ್ನುತ್ತದೆ

ಇದು ಬಹಳ ಸುಳಿವು ಕೊಡುವ ಲಕ್ಷಣ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಹತ್ತು ಚಟ್‌ಗಳಿಗೆ ಎಷ್ಟು ಸೆಕೆಂಡ್ ಎಂದು ನೋಡಿ.

ಹತ್ತು ಚಟ್‌ಗಳಿಗೆ 7.7 ಸೆಕೆಂಡ್ ಆದರೆ ಅದು ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಬಿರುಕು ಅಥವಾ ಗೀರು. 18 ಸೆಕೆಂಡ್ ಆದರೆ 33⅓ ಸುತ್ತಿನ ಎಲ್‌ಪಿಯದು (ನಂತರದ ಕಾಲದ, ಹೆಚ್ಚು ಹೊತ್ತು ಹಾಡುವ ತಟ್ಟೆ). 13 ಸೆಕೆಂಡ್ ಚಿಲ್ಲರೆ ಆದರೆ 45 ಸುತ್ತಿನದು. 1930ರ ಹಾಡಿನ ಸಿಡಿಯಲ್ಲಿ 18 ಸೆಕೆಂಡಿನ ಲೆಕ್ಕ ಸಿಕ್ಕಿತು ಅನ್ನಿ. ಮೂಲ ತಟ್ಟೆಯಿಂದಲ್ಲ, ನಂತರ ಬಂದ ಎಲ್‌ಪಿಯಿಂದ, ಅಂದರೆ ಮರುಬಿಡುಗಡೆಯ ಮರುಬಿಡುಗಡೆಯಿಂದ ಸಿಡಿ ಮಾಡಿದ್ದಾರೆ ಎಂದು ಖಚಿತವಾಯಿತು. ಅಂಥ ಸಿಡಿಗೆ ಶ್ರಮಪಡುವ ಬದಲು ಮೂಲ ತಟ್ಟೆಯನ್ನೋ ಆ ಎಲ್‌ಪಿಯ ಚೊಕ್ಕ ಪ್ರತಿಯನ್ನೋ ಹುಡುಕುವುದು ಲೇಸು.

ಲೆಕ್ಕವಿಲ್ಲದೆ ಚಟಪಟ ಅನ್ನುವುದು ಧೂಳು, ಸಣ್ಣ ಗೀರು. ಸಿಡಿಯಲ್ಲಿ ದನಿ ಒಂದೇ ಚೂರನ್ನು ಟ-ಟ-ಟ-ಟ ಎಂದು ಮತ್ತೆ ಮತ್ತೆ ಉಗ್ಗಿದರೆ ಅದು ತಟ್ಟೆಯ ದೋಷವಲ್ಲ, ಸಿಡಿಯದು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿ, ಸುತ್ತಲೂ ಉಜ್ಜಬೇಡಿ. ಬೆಳಕಿಗೆ ಹಿಡಿದಾಗ ಸೂಜಿ ತೂತುಗಳು ಕಂಡರೆ ಲೋಹದ ಪದರವೇ ಉದುರಿದೆ. ಓದುವಷ್ಟನ್ನು ಬೇಗ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ.

ಚಟ್ ತೆಗೆಯುವ ತಂತ್ರಾಂಶ ಎಲ್ಲರ ಕೈಯಲ್ಲೂ ಇದೆ, ಕೆಡಿಸುವುದೂ ಅದೇ. ಚಟ್ ಎನ್ನುವುದು ತಟಕ್ಕನೆ ಏರಿ ಇಳಿಯುವ ಅಲೆ. ತಬಲಾದ ನಾ, ತಾಳದ ಹೊಡೆತ, ಹಲ್ಲಿನಿಂದ ಬರುವ ತ-ಕಾರ ಇವೂ ಹಾಗೇ. ಎಲ್ಲಿಯವರೆಗೆ ಹೋಗಬಹುದು ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಮೂಲ ಕಡತವನ್ನು ಒಂದು ಸಾಲಿನಲ್ಲಿ, ಚಟ್ ತೆಗೆದ ಕಡತವನ್ನು ಇನ್ನೊಂದು ಸಾಲಿನಲ್ಲಿ ಇಡಿ. ಎರಡನೆಯದನ್ನು ಇನ್ವರ್ಟ್ ಮಾಡಿ (ಅಂದರೆ ಅಲೆಯನ್ನು ತಲೆಕೆಳಗು ಮಾಡಿ) ಎರಡನ್ನೂ ಒಟ್ಟಿಗೆ ನುಡಿಸಿ. ಆಗ ಕೇಳುವುದು ತಂತ್ರಾಂಶ ಕಿತ್ತೆಸೆದದ್ದು ಮಾತ್ರ. ಅದರಲ್ಲಿ ಬರೀ ಚಟಪಟ ಇದ್ದರೆ ಕೆಲಸ ಸರಿಯಾಗಿದೆ. ತಬಲಾದ ಠೇಕಾ ಗುರುತು ಹಿಡಿಯುವಷ್ಟು ಕೇಳಿದರೆ ಕಡಿಮೆ ಮಾಡಿ ಮತ್ತೆ ಶುರುಮಾಡಿ. ಯಾವಾಗಲೂ ನಕಲಿನ ಮೇಲೆ ಕೆಲಸ, ಮೂಲ ಕಡತ ಮುಟ್ಟದೆ ಬೇರೆ ಡಿಸ್ಕಿನಲ್ಲಿ.

ದನಿ ನೀರೊಳಗಿಂದ ಬಂದಂತಿದೆ, ಕೊನೆಯಲ್ಲಿ ಕಿಲಕಿಲ ಅನ್ನುತ್ತದೆ

ಸುಂಯ್ ಎನ್ನುವ ಹಿನ್ನೆಲೆ ಸದ್ದು ಸ್ವಲ್ಪವೂ ಇಲ್ಲ, ಎಲ್ಲ ನಿಶ್ಶಬ್ದ. ಆದರೆ ಆಲಾಪ ಮುಗಿಯುವಲ್ಲಿ ದನಿ ಕತ್ತರಿಸಿದಂತೆ ನಿಲ್ಲುತ್ತದೆ, ಹಾರ್ಮೋನಿಯಂನ ಎಳೆ ಗುಳುಗುಳು ಕರಗುತ್ತದೆ, ಮೌನದ ಜಾಗದಲ್ಲಿ ದೂರದ ಹಕ್ಕಿಗಳಂಥ ಕಿಲಕಿಲ ಉಳಿಯುತ್ತದೆ. ಇದು ಸುಂಯ್ ತೆಗೆಯುವ ತಂತ್ರಾಂಶವನ್ನು ಮಿತಿಮೀರಿ ಹಾಕಿದ್ದರ ಗುರುತು. ಮರುಬಿಡುಗಡೆಗಳಿಗೆ ತಗಲಿದ ಅತಿ ದೊಡ್ಡ ರೋಗ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹೀಗಾಗುವುದೇಕೆ? ಅರಗಿನ ತಟ್ಟೆಯಲ್ಲಿ ಅರಗು ಸ್ವಲ್ಪ, ಕಲ್ಲುಪುಡಿ ಜಾಸ್ತಿ. ಉಕ್ಕಿನ ಮುಳ್ಳನ್ನು ಗಾಡಿಯ (ಮುಳ್ಳು ಓಡುವ, ತಟ್ಟೆಯ ಮೇಲಿನ ಸುತ್ತುಗೆರೆಯ) ಆಕಾರಕ್ಕೆ ತೇಯಲೆಂದೇ ಆ ಪುಡಿ ಬೆರೆಸುತ್ತಿದ್ದರು. ಸುಂಯ್ ಹುಟ್ಟುವುದು ಆ ಪುಡಿಯಿಂದ, ಹಾಗಾಗಿ ಅದು ಹಾಡಿನುದ್ದಕ್ಕೂ, ಎಲ್ಲ ಸ್ವರಗಳಲ್ಲೂ ಹರಡಿರುತ್ತದೆ. ತಂತ್ರಾಂಶ ಒಂದು ಮಟ್ಟಕ್ಕಿಂತ ಕೆಳಗಿನದ್ದೆಲ್ಲ ಸುಂಯ್ ಎಂದು ಅಳಿಸುತ್ತದೆ. ಆದರೆ ಗಾಯಕಿಯ ಉಸಿರು, ಸ್ವರ ಇಳಿಯುವಾಗಿನ ಬಾಲ, ಸಾರಂಗಿಯ ಕಮಾನಿನ ಸದ್ದು ಇರುವುದೂ ಆ ಮಟ್ಟದಲ್ಲೇ. ಅಳಿದದ್ದು ಮರಳಿ ಬರುವುದಿಲ್ಲ. ಇಂಥ ಸಿಡಿಗೆ ಮನೆಯಲ್ಲಿ ಮದ್ದಿಲ್ಲ, ಬೇರೆ ಬಿಡುಗಡೆ ಹುಡುಕಬೇಕು. ಒಂದೇ ಹಾಡಿನ ಎರಡು ಬಿಡುಗಡೆ ಸಿಕ್ಕರೆ ಸುಂಯ್ ಹೆಚ್ಚಿರುವುದನ್ನೇ ಕೊಳ್ಳಿ. ಎರಡು ನಿಮಿಷದಲ್ಲಿ ಕಿವಿ ಸುಂಯ್‌ಗೆ ಒಗ್ಗಿಕೊಳ್ಳುತ್ತದೆ, ಸ್ವರದ ಬಾಲ ಇಲ್ಲದ್ದಕ್ಕೆ ಒಗ್ಗುವುದಿಲ್ಲ.

ಇದನ್ನೇ ಹೋಲುವ ಇನ್ನೊಂದು ದೋಷವಿದೆ: ಸುಂಯ್ ಇದೆ, ಆದರೆ ಸುಂಯ್ ತಾನೇ ಸುಳಿಸುಳಿಯಾಗಿ ತಿರುಗುತ್ತದೆ. ಇದು ಕಡಿಮೆ ಬಿಟ್‌ರೇಟಿನ ಎಂಪಿ3. 64 ಕೆಬಿಪಿಎಸ್‌ಗೆ ಕುಗ್ಗಿಸಿದಾಗ ತಂತ್ರಾಂಶ ತನ್ನ ಬಿಟ್‌ಗಳನ್ನೆಲ್ಲ ಆ ಸುಂಯ್ ಹಿಡಿಯುವುದಕ್ಕೇ ಖರ್ಚುಮಾಡಿ ಹಾಡಿಗೆ ಬಡತನ ತರುತ್ತದೆ. ಕಡತದ ಗುಣಲಕ್ಷಣದಲ್ಲಿ 320 ಎಂದಿದ್ದರೂ ನಂಬಬೇಡಿ. 64ರದ್ದನ್ನು 320ಕ್ಕೆ ಏರಿಸಿ ಬರೆದಿರಬಹುದು. ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ಬಂದ ಹಾಡುಗಳಲ್ಲಿ ಇದು ಹೆಚ್ಚು. ಕಳಿಸಿದವರಲ್ಲಿ ದನಿ ಕಳೆಯದ ಮೂಲ ವೇವ್ ಅಥವಾ ಫ್ಲ್ಯಾಕ್ ಕಡತ ಇದೆಯೇ ಎಂದು ಕೇಳುವುದೊಂದೇ ದಾರಿ.

ದನಿ ಟೊಳ್ಳು, ನಡುವಿನಲ್ಲಿ ನಿಲ್ಲುವುದಿಲ್ಲ, ಮೊಬೈಲಿನಲ್ಲಿ ಮಾಯವಾಗುತ್ತದೆ

ಮೂಲ ತಟ್ಟೆಗಳೆಲ್ಲ ಮೋನೋ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ದನಿ. 1960–70ರ ದಶಕಗಳಲ್ಲಿ ಸ್ಟೀರಿಯೋ ಹುಚ್ಚಿನಲ್ಲಿ ಹಳೆಯ ಮೋನೋ ಹಾಡುಗಳನ್ನು ಎಲೆಕ್ಟ್ರಾನಿಕ್ ಉಪಾಯದಿಂದ ಸ್ಟೀರಿಯೋ ಮಾಡಿ ಎಲ್‌ಪಿ ಬಿಡುವ ರೂಢಿ ಬಂತು. ಎಡಕ್ಕೆ ಮಂದ್ರ, ಬಲಕ್ಕೆ ತಾರ ಎಂದು ಹಂಚುವುದು, ಒಂದು ಕಡೆಯನ್ನು ತುಸು ತಡವಾಗಿಸುವುದು, ಪ್ರತಿಧ್ವನಿ ಬೆರೆಸುವುದು ಅದರ ಬಗೆ. ಆ ಎಲ್‌ಪಿಗಳಿಂದ ಆದ ಸಿಡಿಗಳು ಈ ದೋಷವನ್ನೂ ಹೊತ್ತು ತಂದಿವೆ. ಎರಡು ಕಡೆಯೂ ಒಂದಾಗಿ ಬರುವ ಮೊಬೈಲ್ ಸ್ಪೀಕರಿನಲ್ಲಿ ಕೆಲವು ಸ್ವರಗಳು ಒಂದನ್ನೊಂದು ಹೊಡೆದುಹಾಕುತ್ತವೆ.

ಮೊದಲು ಪುಕ್ಕಟೆ ಪರೀಕ್ಷೆ: ತಂತಿಯ ಪಿನ್ನುಗಳನ್ನು ಕಿತ್ತು ಮತ್ತೆ ಸಿಕ್ಕಿಸಿ, ಎಡಬಲ ಅದಲುಬದಲು ಮಾಡಿ. ಪಣಜಿ, ವಾಸ್ಕೋ, ಮುಂಬಯಿಯ ಕಡಲ ಗಾಳಿಗೆ ಆರ್‌ಸಿಎ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂರುತ್ತದೆ, ಒಂದು ಕಡೆ ದನಿ ಕುಂದುತ್ತದೆ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು. ತಂತಿಯೇ ಹೋಗಿದ್ದರೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಥವಾ ಪುಣೆಯ ಬುಧವಾರ ಪೇಟೆಯ ತಪಕೀರ್ ಗಲ್ಲಿಯಲ್ಲಿ ಹೊಸದು ಸಿಗುತ್ತದೆ.

ತಂತಿ ಸರಿಯಿದ್ದರೆ ಕಂಪ್ಯೂಟರಿಗೆ ಬನ್ನಿ. ಆಡಾಸಿಟಿಯಲ್ಲಿ ಹಾಡನ್ನು ಎರಡು ಮೋನೋ ಸಾಲುಗಳಾಗಿ ಒಡೆದು, ಒಂದನ್ನು ಇನ್ವರ್ಟ್ ಮಾಡಿ, ಒಟ್ಟಿಗೆ ನುಡಿಸಿ. ಮೂರರಲ್ಲಿ ಒಂದು ಆಗುತ್ತದೆ. ಪೂರ್ತಿ ನಿಶ್ಶಬ್ದವಾದರೆ ಅದು ಶುದ್ಧ ಮೋನೋ, ಯಾವ ಚೇಷ್ಟೆಯೂ ನಡೆದಿಲ್ಲ. ಬರೀ ಸುಂಯ್ ಮತ್ತು ಚಟಪಟ ಉಳಿದು ಹಾಡು ಮಾಯವಾದರೆ ಮೋನೋ ತಟ್ಟೆಯನ್ನು ಸ್ಟೀರಿಯೋ ಕಾರ್ಟ್ರಿಜ್‌ನಿಂದ (ಮುಳ್ಳು ಕೂರುವ ಭಾಗ) ಇಳಿಸಿ ಹಾಗೇ ಬಿಟ್ಟಿದ್ದಾರೆ. ಇದು ಸಂತೋಷದ ಸುದ್ದಿ: ಇನ್ವರ್ಟ್ ತೆಗೆದು ಎರಡನ್ನೂ ಮೋನೋ ಆಗಿ ಬೆರೆಸಿದರೆ ಹಾಡು ಉಳಿದು ಸದ್ದು ಸುಮಾರು 3 ಡೆಸಿಬೆಲ್ ಇಳಿಯುತ್ತದೆ, ಕಾಸಿಲ್ಲದೆ. ಹಾಡೇ ಉಳಿದು ಕೇಳಿದರೆ ಅದು ಕೃತಕ ಸ್ಟೀರಿಯೋ ಅಥವಾ ಓರೆಯಾದ ಟೇಪ್ ಹೆಡ್ಡು. ಆಗ ಎರಡನ್ನೂ ಬೆರೆಸಬಾರದು. ಎಡ, ಬಲ ಬೇರೆ ಬೇರೆ ಕೇಳಿ, ದನಿ ತುಂಬಿರುವ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಿ.

ಶ್ರುತಿ ಏರಿದೆ, ಗಂಟಲು ಎಳೆಯದಾಗಿದೆ; ಅಥವಾ ಎಲ್ಲ ಜೋತುಬಿದ್ದಿದೆ

ಹಾಡುವವರಿಗೆ, ನಾಟಕದ ಪದ ಕಲಿಯುವವರಿಗೆ ಬಹಳ ತೊಂದರೆ ಕೊಡುವ ದೋಷ ಇದು. 78 ಎಂಬ ಹೆಸರಿದ್ದರೂ ಕಹಳೆಯ ಕಾಲದ ತಟ್ಟೆಗಳು ಅದೇ ವೇಗದಲ್ಲಿ ಮುದ್ರಣವಾಗಿರಲಿಲ್ಲ. 70ರಿಂದ 82ರವರೆಗೆ ಓಡಾಡಿದ್ದುಂಟು. ಮರುಬಿಡುಗಡೆಯವರು ಎಲ್ಲವನ್ನೂ 78ರಲ್ಲಿ ನುಡಿಸಿ ಇಳಿಸಿದರೆ 74ರಲ್ಲಿ ಮುದ್ರಣವಾದ ಹಾಡು ಶೇ. 5ರಷ್ಟು ಮೇಲೆ ಹೋಗುತ್ತದೆ. ಹಾರ್ಮೋನಿಯಂನಲ್ಲಿ ಕರಿ ಬಿಳಿ ಎರಡೂ ಸೇರಿಸಿ ಎಣಿಸಿದಾಗ ಒಂದು ಮನೆಯಿಂದ ಪಕ್ಕದ ಮನೆಗೆ ವೇಗದ ಲೆಕ್ಕದಲ್ಲಿ ಶೇ. 6 ಅಂತರ. ಹಾಗಾಗಿ ಕಪ್ಪು ಒಂದರ ಹಾಡು ಹತ್ತಿರಹತ್ತಿರ ಬಿಳಿ ಎರಡಕ್ಕೆ ಹೋಗಿ ನಿಲ್ಲುತ್ತದೆ.

ಕಿವಿಯಿಂದಲೇ ಶುರುಮಾಡಿ. ವೇಗ ಹೆಚ್ಚಾದರೆ ಶ್ರುತಿಯಷ್ಟೇ ಅಲ್ಲ, ಗಂಟಲಿನ ಆಕಾರವೇ ಚಿಕ್ಕದಾದಂತೆ ಕೇಳುತ್ತದೆ. ದೊಡ್ಡವರ ದನಿ ಹುಡುಗರದಾಗುತ್ತದೆ, ತಾನುಗಳು ಅವಸರಪಡುತ್ತವೆ. ಕಡಿಮೆಯಾದರೆ ಮಾತಿನ ವ್ಯಂಜನಗಳು ಜೋಲುತ್ತವೆ. ಬಾಲಗಂಧರ್ವರಂತೆ ಸ್ತ್ರೀಪಾತ್ರಕ್ಕೆ ಹಾಡಿದ ಗಂಡಸರ ವಿಷಯದಲ್ಲಿ ಬರೀ "ದನಿ ಹೆಣ್ಣಿನದರಂತಿದೆ" ಎಂಬುದನ್ನು ವೇಗದ ದೋಷಕ್ಕೆ ಸಾಕ್ಷಿ ಎಂದು ಹಿಡಿಯಬೇಡಿ. ಅವರ ಕಲೆಯೇ ಅದು.

ಮುಂದಿನ ಪರೀಕ್ಷೆ ಹಾರ್ಮೋನಿಯಂ. ಹಾಡಿನ ಷಡ್ಜ ಹಿಡಿದು ಪೇಟಿಯಲ್ಲಿ ಹುಡುಕಿ. ಮನೆಗೆ ಸರಿಯಾಗಿ ಕೂತರೆ ವೇಗ ಸರಿ ಇರುವ ಸಾಧ್ಯತೆ ಹೆಚ್ಚು. ಎರಡು ಮನೆಗಳ ನಡುವೆ ಸಿಕ್ಕಿಹಾಕಿಕೊಂಡರೆ ಅನುಮಾನಿಸಿ, ಆದರೆ ತೀರ್ಮಾನಿಸಬೇಡಿ. ಆ ಕಾಲದ ಕಾಲುಪೆಟ್ಟಿಗೆ, ಆರ್ಗನ್‌ಗಳೆಲ್ಲ ಇಂದಿನ 440 ಹರ್ಟ್ಜಿನ ಶ್ರುತಿಗೆ ಕೂಡಿಸಿದವಲ್ಲ. ಅದೇ ಗಾಯಕರ ಅದೇ ವರ್ಷಗಳ ನಾಲ್ಕೈದು ಹಾಡುಗಳ ಷಡ್ಜ ಬರೆದಿಟ್ಟು ಹೋಲಿಸಿ. ನಾಲ್ಕು ಒಂದು ಮನೆಯಲ್ಲಿದ್ದು ಒಂದು ಮಾತ್ರ ಹೊರಗೆ ನಿಂತರೆ ಆ ಒಂದರ ವೇಗ ತಪ್ಪಿರುವುದು ಬಹುಮಟ್ಟಿಗೆ ನಿಜ.

ಎಷ್ಟು ತಪ್ಪಿದೆ ಎಂಬ ಅಳತೆಯೂ ಕಾರಣ ಹೇಳುತ್ತದೆ. ಅರ್ಧ ಮನೆಯೋ ಒಂದು ಮನೆಯೋ ಆದರೆ ಮೇಲೆ ಹೇಳಿದ ತಟ್ಟೆಯ ವೇಗ, ಅಥವಾ ಕ್ಯಾಸೆಟ್ ಪ್ಲೇಯರಿನ ಸಡಿಲಾದ ಬೆಲ್ಟು. ಹತ್ತಿರಹತ್ತಿರ ಒಂದೂವರೆ ಮನೆ ಆದರೆ ಕಂಪ್ಯೂಟರಿನ ತಪ್ಪು: 44.1 ಕಿಲೋಹರ್ಟ್ಜಿನ ಕಡತವನ್ನು 48 ಎಂದೋ 48ರದ್ದನ್ನು 44.1 ಎಂದೋ ಓದಿಸಿದ್ದಾರೆ. ಮೂರು ಮನೆ ಕೆಳಗಿದ್ದರೆ ಅಮೆರಿಕದ 60 ಹರ್ಟ್ಜ್ ಟರ್ನ್‌ಟೇಬಲನ್ನು ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ಓಡಿಸಿ ಇಳಿಸಿರಬೇಕು. ಅದರ ಮೋಟಾರು ಆರರಲ್ಲಿ ಐದು ಭಾಗದ ವೇಗದಲ್ಲಷ್ಟೇ ತಿರುಗುತ್ತದೆ.

ಸರಿಪಡಿಸುವಾಗ ಆಡಾಸಿಟಿಯ "ಚೇಂಜ್ ಸ್ಪೀಡ್" (ಹೊಸ ಆವೃತ್ತಿಗಳಲ್ಲಿ "ಚೇಂಜ್ ಸ್ಪೀಡ್ ಆ್ಯಂಡ್ ಪಿಚ್") ಬಳಸಿ. "ಚೇಂಜ್ ಪಿಚ್" ಬೇಡ. ಅದು ಶ್ರುತಿ ಇಳಿಸಿ ಲಯವನ್ನು ಹಾಗೇ ಬಿಡುತ್ತದೆ, ತಪ್ಪು ಅರ್ಧಕ್ಕೆ ಉಳಿಯುತ್ತದೆ. ನಿಮ್ಮ ಸ್ವಂತ ಟರ್ನ್‌ಟೇಬಲ್ ಇದ್ದರೆ ಸ್ಟ್ರೋಬ್ ತಟ್ಟೆಯಿಂದ (ವೇಗ ನೋಡಲು ಗೆರೆ ಅಚ್ಚಾದ ತಟ್ಟೆ) ಪರೀಕ್ಷಿಸಿ. 50 ಹರ್ಟ್ಜಿಗೆ 78ರ ಸಾಲಿನಲ್ಲಿ 77 ಗೆರೆಗಳಿರುತ್ತವೆ, ಅವು ಅಲುಗಾಡದೆ ನಿಂತಂತೆ ಕಂಡರೆ ವೇಗ 77.92. ಹಳೆಯ ತಂತಿ ಬಲ್ಬಿನ ಅಥವಾ ನಿಯಾನ್ ದೀಪದ ಬೆಳಕು ಬೇಕು, ಕೆಲವು ಎಲ್ಇಡಿಗಳಲ್ಲಿ ಗೆರೆ ಕಾಣುವುದಿಲ್ಲ. ಅಮೆರಿಕದಿಂದ ಬಂದ ಸ್ಟ್ರೋಬ್ ತಟ್ಟೆಯಲ್ಲಿ 92 ಗೆರೆಗಳಿರುತ್ತವೆ, ಅದು ಇಲ್ಲಿ ಉಪಯೋಗಕ್ಕಿಲ್ಲ.

ಹಾಡಿನ ನಡುವೆ ಒಮ್ಮೆಲೇ ಶ್ರುತಿ, ದನಿಯ ಬಣ್ಣ ಬದಲಾಗುತ್ತದೆ

10 ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುವುದು ಮೂರು ನಿಮಿಷ ಚಿಲ್ಲರೆ. ಉದ್ದದ ಪದವನ್ನು ಎರಡೂ ಮಗ್ಗುಲಲ್ಲಿ ಹಂಚಿ ಹಾಡುತ್ತಿದ್ದರು. ಮರುಬಿಡುಗಡೆಯಲ್ಲಿ ಎರಡನ್ನೂ ಹೊಲಿದು ಒಂದು ಮಾಡುತ್ತಾರೆ, ಆದರೆ ಎರಡು ಮಗ್ಗುಲಿನ ವೇಗ ಒಂದೇ ಆಗಿರಲಿಕ್ಕಿಲ್ಲ. ಮೂರನೆಯ ನಿಮಿಷದ ಹತ್ತಿರ ಷಡ್ಜ ಜಿಗಿದರೆ ಹೊಲಿಗೆ ಅಲ್ಲಿದೆ. ಎರಡನೆಯ ಭಾಗವನ್ನು ಬೇರೆ ಮಾಡಿ ಅದರ ವೇಗವನ್ನು ಮೊದಲಿನದಕ್ಕೆ ಹೊಂದಿಸಿದರೆ ಸಾಕು.

ಹೊಲಿಗೆಯ ಅವಸರದಲ್ಲಿ ಮುಖಡದ (ಪದದ ಮೊದಲ ಸಾಲಿನ) ಮೊದಲ ಅಕ್ಷರವೋ ಮಗ್ಗುಲಿನ ಕೊನೆಯ ಸಮ್ (ತಾಳದ ಮೊದಲ) ಏಟೋ ಕತ್ತರಿಸಿಹೋಗುವುದುಂಟು. ತೀರ ಹಳೆಯ ತಟ್ಟೆಗಳ ಕೊನೆಗೆ ಗಾಯಕರು ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು, ಮೇಣದ ಅಚ್ಚು ಯಾರದೆಂದು ಕಾರ್ಖಾನೆಯವರಿಗೆ ತಿಳಿಯಲೆಂದು. ಅದನ್ನೂ ಕತ್ತರಿಸಿದ ಬಿಡುಗಡೆಗಳಿವೆ. ಇತಿಹಾಸದ ದನಿಯನ್ನೇ ಕಿತ್ತ ಹಾಗೆ ಅದು.

ದನಿ ಮಂಕು, ಅಥವಾ ತೆಳ್ಳಗೆ ಕೀರಲು

ಕ್ಯಾಸೆಟ್ ಆದರೆ ಮೊದಲು ಸುಂಯ್ ತಗ್ಗಿಸುವ ಡಾಲ್ಬಿ ಗುಂಡಿ ಆರಿಸಿ, ಆಮೇಲೆ ಹೆಡ್ಡು ಒರೆಸಿ. ಪ್ಲಗ್ ಕಿತ್ತು, ಹತ್ತಿಕಡ್ಡಿಗೆ ಶೇ. 90ಕ್ಕೆ ಮೇಲ್ಪಟ್ಟ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಕಂದು ಬಣ್ಣ ಬರುವುದು ನಿಲ್ಲುವ ತನಕ ಒರೆಸಿ. ಬೆಂಕಿ, ಊದಿನಕಡ್ಡಿ ದೂರವಿರಲಿ. ಇನ್ನೂ ಮಂಕಾದರೆ ಹೆಡ್ಡಿನ ಓರೆ ತಪ್ಪಿದೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸಣ್ಣ ತಿರುಪನ್ನು, ಈಗಿರುವ ಜಾಗಕ್ಕೆ ಗುರುತು ಹಾಕಿಕೊಂಡು, ಎಂಟನೇ ಒಂದು ಸುತ್ತಿನಷ್ಟು ಆ ಕಡೆ ಈ ಕಡೆ ತಿರುಗಿಸಿ. ಸ-ಕಾರ ಚೂಪಾಗಿ ಕೇಳುವಲ್ಲಿ ನಿಲ್ಲಿಸಿ. ಹಾಡು ಶುರುವಾಗುವ ಒಂದು ಕ್ಷಣ ಮುಂಚೆ ಅದರದೇ ಪ್ರೇತದಂಥ ಮೆಲುದನಿ ಬಂದರೆ ಟೇಪಿನ ಒಂದು ಸುತ್ತು ಪಕ್ಕದ ಸುತ್ತಿಗೆ ಅಚ್ಚಾಗಿದೆ. ಅದಕ್ಕೆ ನಿಮ್ಮ ಪ್ಲೇಯರ್ ಕಾರಣವಲ್ಲ.

ತಟ್ಟೆಯಿಂದ ಆದ ಸಿಡಿಯಾದರೆ ಮಂಕುತನಕ್ಕೆ ಬೇರೆ ಕಾರಣವಿದೆ. 1954ರ ಸುಮಾರಿಗೆ ಬಂದ ಆರ್‌ಐಎಎ ಎಂಬ ಹೊಂದಾಣಿಕೆ ಎಲ್‌ಪಿಗಳಿಗಾಗಿ. ಅದು ನುಡಿಸುವಾಗ 10 ಕಿಲೋಹರ್ಟ್ಜಿನಲ್ಲಿ ದನಿಯನ್ನು ಸುಮಾರು 13.7 ಡೆಸಿಬೆಲ್ ತಗ್ಗಿಸುತ್ತದೆ. ಮುಂಚಿನ 78ರ ತಟ್ಟೆಗಳಲ್ಲಿ ಬಹಳಷ್ಟಕ್ಕೆ ಆ ತಗ್ಗಿಸುವಿಕೆ ಬೇಕಿಲ್ಲ. ಇಂದಿನ ಫೋನೋ ಆಂಪ್ಲಿಫೈಯರಿನಲ್ಲಿ ಸುಮ್ಮನೆ ನುಡಿಸಿ ಇಳಿಸಿದರೆ ಹಾಡಿನ ಮೇಲೆ ಕಂಬಳಿ ಹೊದಿಸಿದಂತಾಗುತ್ತದೆ. ಮನೆಯಲ್ಲಿ ಟ್ರೆಬಲ್ ಏರಿಸಿ, 3ರಿಂದ 6 ಕಿಲೋಹರ್ಟ್ಜಿನ ನಡುವೆ ಮೆಲ್ಲಗೆ ಎತ್ತಿ ನೋಡಿ. ಮಾತು ಬಿಚ್ಚಿಕೊಂಡರೆ ಕಾರಣ ಇದೇ. ಕಹಳೆಯ ಕಾಲದ ಹಾಡಿಗೆ ಇದರಿಂದ ಹೆಚ್ಚೇನೂ ಸಿಗದು. ಸುಮಾರು 250ರಿಂದ 2,500 ಹರ್ಟ್ಜಿನ ಆಚೆಗೆ ಕಹಳೆ ಹಿಡಿದದ್ದೇ ಅಷ್ಟಕ್ಕಷ್ಟೆ. ಅಲ್ಲಿ ಕೀರಲು ಸಹಜ, ದೋಷವಲ್ಲ.

ಏರುದನಿಯಲ್ಲಿ ಸೀಳು ಬರುತ್ತದೆ

ತಾರಸ್ಥಾಯಿಯಲ್ಲಿ ಮಾತ್ರ ಗರಗರ ಎಂದು ಸೀಳುತ್ತದೆಯೇ, ಅದರಲ್ಲೂ ಮಗ್ಗುಲಿನ ಕೊನೆಗೆ ಹೆಚ್ಚುತ್ತದೆಯೇ? ಅದು ತಟ್ಟೆಯ ಸವಕಳಿ. ಕೀಲಿ ಕೊಡುವ ಗ್ರಾಮೊಫೋನಿನ ದನಿಪೆಟ್ಟಿಗೆ ನೂರು ಗ್ರಾಮಿಗೂ ಹೆಚ್ಚು ಭಾರ ಹೇರುತ್ತದೆ. ಒಂದೇ ಉಕ್ಕಿನ ಮುಳ್ಳಿನಲ್ಲಿ ಹತ್ತು ಸಲ ನುಡಿಸಿದ ಮನೆಗಳಲ್ಲಿ ಗಾಡಿಯ ಗೋಡೆ ಕೆತ್ತಿಹೋಗಿರುತ್ತದೆ. ಬೂದು ಬಣ್ಣಕ್ಕೆ ತಿರುಗಿದ ಗಾಡಿ ಅದರ ಕಣ್ಣಿನ ಗುರುತು.

ಮೆಲುದನಿ, ಏರುದನಿ ಎಲ್ಲ ಒಂದೇ ಎತ್ತರಕ್ಕೆ ಬಂದು ಎಲ್ಲ ಕಡೆ ಸೀಳಿದರೆ ಅಲೆಯ ಚಿತ್ರ ನೋಡಿ. ತುದಿಗಳು ಕತ್ತಿಯಿಂದ ಹೆರೆದಂತೆ ಚಪ್ಪಟೆಯಾಗಿದ್ದರೆ ಮರುಬಿಡುಗಡೆಯವರು ದನಿಯನ್ನು ಮಿತಿಮೀರಿ ಏರಿಸಿದ್ದಾರೆ. ಮನೆಯಲ್ಲಿ ವಾಲ್ಯೂಮ್ ಇಳಿಸಿದರೆ ಇದು ಹೋಗುವುದಿಲ್ಲ.

ಸವಕಳಿಗೆ ಒಂದು ಮದ್ದುಂಟು, ಮೂಲ ತಟ್ಟೆ ಕೈಯಲ್ಲಿದ್ದರೆ. 78ಕ್ಕೆ ಸಾಮಾನ್ಯವಾಗಿ ಬೇಕಾದ್ದು 3 ಮಿಲ್, ಅಂದರೆ 76 ಮೈಕ್ರಾನಿನ ಮುಳ್ಳು. ಎಲ್‌ಪಿಯ 1 ಮಿಲ್ ಮುಳ್ಳು ಗಾಡಿಯ ತಳಕ್ಕೆ ಬಿದ್ದು ಕಸದ ಸದ್ದನ್ನಷ್ಟೇ ಎತ್ತುತ್ತದೆ. 2.5 ಅಥವಾ 3.5 ಮಿಲ್ ಮುಳ್ಳು ಹಾಕಿದರೆ ಸವೆಯದ ಎತ್ತರದಲ್ಲಿ ಗೋಡೆಗೆ ತಾಗಿ ಸೀಳು ಅಚ್ಚರಿಪಡುವಷ್ಟು ಕಡಿಮೆಯಾಗಬಹುದು. ನಾಲ್ಕಾರು ಅಳತೆಯ ಮುಳ್ಳು ಇಟ್ಟುಕೊಂಡವರ ಹತ್ತಿರ ಹೋಗುವುದೇ ಸರಿ.

ತಟ್ಟೆಯ ಮೇಲೆ, ಟೇಪಿನ ಅಂಚಿನಲ್ಲಿ ಬಿಳಿ ಪುಡಿ

ಮುಂಬಯಿ, ಗೋವೆಯ ನಾಲ್ಕು ತಿಂಗಳ ಮಳೆಯಲ್ಲಿ ಬರುವ ಬೂಷ್ಟು ಇದು. ನುಡಿಸಬೇಡಿ. ಟೇಪಿನ ಬೂಷ್ಟು ಹೆಡ್ಡಿಗೆ ಹತ್ತಿ ಮುಂದಿನ ಎಲ್ಲ ಕ್ಯಾಸೆಟ್‌ಗಳಿಗೆ ಹಬ್ಬುತ್ತದೆ. ಎನ್95 ಮಾಸ್ಕ್ ಹಾಕಿ, ಕಿಟಕಿ ತೆರೆದು, ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪ್ರತ್ಯೇಕಿಸಿ. ಆಸ್ತಮಾ ಇದ್ದವರು ಮುಟ್ಟುವುದು ಬೇಡ.

ಅರಗಿನ ತಟ್ಟೆಗೆ ಸ್ಪಿರಿಟ್, ಐಸೊಪ್ರೊಪೈಲ್, ಸ್ಯಾನಿಟೈಸರ್ ಯಾವುದನ್ನೂ ತಾಗಿಸಬೇಡಿ. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ, ಹಾಡು ಬಟ್ಟೆಗೆ ಹತ್ತಿ ಬರುತ್ತದೆ. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಸುಗಂಧವಿಲ್ಲದ ಮೆದು ಸಾಬೂನಿನ ಎರಡು ಮೂರು ಹನಿ ಬೆರೆಸಿ, ಮೆತ್ತನೆಯ ಬ್ರಷ್ಷಿನಲ್ಲಿ ಗಾಡಿಯ ಗುಂಟ ಒರೆಸಿ, ಬರೀ ನೀರಿನಲ್ಲಿ ಮತ್ತೊಮ್ಮೆ ಒರೆಸಿ, ಕೂಡಲೇ ಒಣಗಿಸಿ. ಲೇಬಲ್ ಒದ್ದೆಯಾಗದಿರಲಿ, ಬಿಸಿಲು ಬೇಡ. ಡಿಸ್ಟಿಲ್ಡ್ ವಾಟರನ್ನು ಬ್ಯಾಟರಿ ಅಂಗಡಿಯಲ್ಲಿ ತರುವವರು ಡಬ್ಬಿಯ ಚೀಟಿ ಎರಡು ಸಲ ಓದಿ, ಪಕ್ಕದಲ್ಲೇ ಇರುವುದು ಬ್ಯಾಟರಿ ಆಸಿಡ್. ಅಂಚಿನಲ್ಲಿ ಅಲ್ಯೂಮಿನಿಯಂ ಹೊಳೆಯುವ, ಮೇಲಿನ ಕಪ್ಪು ಪದರ ಬಿರಿದ ತಟ್ಟೆ ಸಿಕ್ಕರೆ ಅದು ಅರಗಿನದಲ್ಲ, ಒಂದೇ ಪ್ರತಿಯ ಖಾಸಗಿ ಮುದ್ರಣ ಇರಬಹುದು. ನೀರೂ ತಾಗಿಸದೆ ಹಾಗೇ ಇಡಿ.

ಎಲ್ಲಿ ನಿಲ್ಲಿಸಬೇಕು, ಯಾರ ಹತ್ತಿರ ಹೋಗಬೇಕು

ಬಿರುಕು ಅಂಚಿನಿಂದ ಲೇಬಲಿನ ತನಕ ಹೋಗಿದ್ದರೆ, ಟೇಪ್ ನುಡಿಸುವಾಗ ಕೀಚ್ ಎಂದು ಅಂಟಿ ನಿಂತರೆ, ಪದರ ಉದುರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಮ್ಮೆ ನುಡಿಸುವುದೇ ಕೊನೆಯ ಸಲವಾಗಬಹುದು. ಫೆವಿಕ್ವಿಕ್ ಹಾಕಬೇಡಿ.

ಬೇರೆ ಪ್ರತಿ ಸಿಗುವುದಾದರೆ ರಿಪೇರಿಗಿಂತ ಅದು ಅಗ್ಗ. ಮುಂಬಯಿ ಚೋರ್ ಬಜಾರಿನ ಮಟನ್ ಸ್ಟ್ರೀಟ್, ಪುಣೆಯ ಜೂನಾ ಬಜಾರ್ ಹುಡುಕುವ ಜಾಗಗಳು. ಕೊಳ್ಳುವಾಗ ಲೇಬಲಿನ ಸಂಖ್ಯೆಯಷ್ಟೇ ಅಲ್ಲ, ಗಾಡಿ ಮುಗಿದ ಮೇಲಿನ ಖಾಲಿ ಜಾಗದಲ್ಲಿ ಒತ್ತಿದ ಅಂಕಿಯನ್ನೂ ಹೋಲಿಸಿ. ಅದು ಒಂದೇ ಆಗಿದ್ದರೆ ಅದೇ ಹಾಡುಗಾರಿಕೆಯ ಇನ್ನೊಂದು ಅಚ್ಚು. ತಟ್ಟೆಯನ್ನು ಓರೆಯಾಗಿ ಬೆಳಕಿಗೆ ಹಿಡಿದು, ಬೂದಾಗಿರದ್ದನ್ನು ಆರಿಸಿ.

ದನಿ ಇಳಿಸಿಕೊಡುವವರಿಗೆ ತಟ್ಟೆ ಒಪ್ಪಿಸುವ ಮುಂಚೆ ಕೇಳಿ: ಎಷ್ಟು ಅಳತೆಯ ಮುಳ್ಳುಗಳಿವೆ, ಆರ್‌ಐಎಎ ತೆಗೆದುಹಾಕುವ ಅನುಕೂಲ ಇದೆಯೇ, ವೇಗ ಬದಲಿಸಲು ಬರುತ್ತದೆಯೇ. ಮೂರಕ್ಕೂ ಉತ್ತರ ಸಿಗದಿದ್ದರೆ ತಟ್ಟೆ ವಾಪಸ್ ತನ್ನಿ. ಸಿಕ್ಕರೆ, ಏನನ್ನೂ ಸ್ವಚ್ಛ ಮಾಡದ, 24 ಬಿಟ್‌ನ, ಎಡ ಬಲ ಎರಡೂ ಇರುವ ವೇವ್ ಕಡತ ಒಂದು ಮೊದಲು ಕೊಡಿ ಎಂದು ಬರೆದುಕೊಡಿ. ಸ್ವಚ್ಛ ಮಾಡಿದ ಕಡತ ಅದರ ಜೊತೆಗೆ ಬೇರೆಯಾಗಿ ಬರಲಿ. ತಟ್ಟೆಯನ್ನು ಮಲಗಿಸದೆ ನಿಲ್ಲಿಸಿ, ನಡುವೆ ದಪ್ಪ ರಟ್ಟಿಟ್ಟು ಒಯ್ಯಿರಿ. ಡೊಂಬಿವಲಿಯ ಲೋಕಲಿನಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಾತ್ರ ಬೇಡ.